ಕಾಫಿ ತೋಟದಲ್ಲೊಂದು ಕಾಂತಮಾಪಕ: ಕೊಡಗಿನಿಂದ ಭೂಕಾಂತಕ್ಷೇತ್ರ ದಾಖಲಿಸುವ ಬಗೆ

ಗಾಜಿನ ಜಾಡಿಯೊಳಗೆ ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟು, ಅದಕ್ಕೆ ಅಂಟಿಸಿದ ಚೂರು ಕನ್ನಡಿಯ ಮೇಲೆ ಲೇಸರ್ ಹಾಯಿಸಿ, ಎದುರು ಗೋಡೆಯಲ್ಲಿ ಬೆಳಕಿನ ಚುಕ್ಕೆ ಅಲುಗುವುದನ್ನು ನೋಡುವ ಉಪಾಯ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ನಾರ್ವೆಯಲ್ಲೋ ಸ್ಕಾಟ್ಲೆಂಡಿನಲ್ಲೋ ಇರುವವರಿಗೆ ಅದು ಚೆನ್ನ. ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಅದನ್ನು ಮಾಡಿಟ್ಟರೆ ದೊಡ್ಡ ಕಾಂತ ಬಿರುಗಾಳಿಯ, ಅಂದರೆ ಸೂರ್ಯನ ಹೊಡೆತಕ್ಕೆ ಭೂಕಾಂತಕ್ಷೇತ್ರ ಕದಡುವ, ದಿನವೂ ಚುಕ್ಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಜಾಡಿಯ ಅಯಸ್ಕಾಂತಕ್ಕೆ ಗೊತ್ತಾಗುವುದು ದಿಕ್ಕು ಮಾತ್ರ. ಬಿರುಗಾಳಿಯ ಹೊತ್ತಿಗೆ ಭೂಮಿಯನ್ನು ಬಹು ಎತ್ತರದಲ್ಲಿ ಸುತ್ತುವರಿದ ಉಂಗುರದಂಥ ವಿದ್ಯುತ್ ಧಾರೆ ಬಲಗೊಳ್ಳುತ್ತದೆ. ಕಾಂತೀಯ ಭೂಮಧ್ಯರೇಖೆಯ ಹತ್ತಿರದ ನಮ್ಮಂಥ ಜಾಗಗಳಲ್ಲಿ ಅದು ಉತ್ತರದ ಸೆಳೆತಕ್ಕೆ ನೇರ ಎದುರಾಗಿ ಕೆಲಸ ಮಾಡುತ್ತದೆ. ಹಗ್ಗ ಜಗ್ಗುವವನು ಸುಸ್ತಾದರೆ ಹಗ್ಗ ಸಡಿಲವಾಗುತ್ತದೆ, ಹಗ್ಗದ ದಿಕ್ಕು ಹಾಗೇ ಉಳಿಯುತ್ತದೆ. ಜೊತೆಗೆ ಇಲ್ಲಿ ಸಮತಲ ಕ್ಷೇತ್ರ ಬಲವಾಗಿದೆ, ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಸೂಜಿಯನ್ನು ಒಂದು ಕಲೆ, ಅಂದರೆ ಡಿಗ್ರಿಯ ಅರುವತ್ತರಲ್ಲೊಂದು ಭಾಗ, ತಿರುಗಿಸಲು ಪೂರ್ವ-ಪಶ್ಚಿಮವಾಗಿ 11-12 ನ್ಯಾನೊಟೆಸ್ಲಾ ಬೇಕು. ಹಾಗಾಗಿ ಕೊಡಗಿನಲ್ಲಿ ಅಳೆಯಬೇಕಾದ್ದು ಉತ್ತರದತ್ತ ಸಮತಲ ಬಲ, ವಿಜ್ಞಾನಿಗಳು ‘ಎಚ್’ ಎನ್ನುವುದು. ಈ ಲೇಖನದ ಕಾಂತಮಾಪಕ ಅದಕ್ಕಾಗಿಯೇ.

ಏನೇನು ಕಾಣಬೇಕು

ಉಪಕರಣ ಸರಿಯಿದೆಯೇ ಎಂದು ತಿಳಿಯಲು ಮೊದಲು ಉತ್ತರ ಗೊತ್ತಿರಬೇಕು. ಕೊಡಗಿನಲ್ಲಿ ಎಚ್ ಸುಮಾರು 40,000. ಕ್ಷೇತ್ರ ನೆಲದೊಳಕ್ಕೆ ಬಾಗಿರುವ ಕೋನ ಹನ್ನೊಂದು-ಹನ್ನೆರಡು ಡಿಗ್ರಿ ಆಸುಪಾಸು, ಆದ್ದರಿಂದ ಲಂಬ ಘಟಕ, ಅಂದರೆ ಜೆಡ್, ಸುಮಾರು 8,000. ದಿಕ್ಸೂಚಿಯ ಉತ್ತರ ನಿಜವಾದ ಉತ್ತರಕ್ಕಿಂತ ಒಂದೆರಡು ಡಿಗ್ರಿ ಪಶ್ಚಿಮಕ್ಕಿದೆ.

ಶಾಂತ ದಿನದಲ್ಲಿ ಎಚ್ ರಾತ್ರಿಯಿಡೀ ಚಪ್ಪಟೆ. ಸೂರ್ಯ ಏರಿದಂತೆ ಏರಿ, ನಡುಹಗಲಿಗೆ ಸ್ವಲ್ಪ ಮೊದಲು ತುದಿ ಮುಟ್ಟಿ, ಸಂಜೆಗೆ ಇಳಿಯುತ್ತದೆ. ಏರಿಕೆ ಸಾಮಾನ್ಯವಾಗಿ 40-60 ನ್ಯಾನೊಟೆಸ್ಲಾ. ಅಂದರೆ ಒಟ್ಟು ಕ್ಷೇತ್ರದ ಸಾವಿರದಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ನಮ್ಮ ಗುರಿ: ನಿಮಿಷದ ಸರಾಸರಿಯಲ್ಲಿ 1-2 ನ್ಯಾನೊಟೆಸ್ಲಾ ವ್ಯತ್ಯಾಸ ಕಾಣಬೇಕು. ಇಷ್ಟಕ್ಕೆ ಇಂದಿನ ಅಗ್ಗದ ಸೆನ್ಸರ್ ಸಾಕು. ಸಾಲದೆ ಬರುವುದು ಜಾಗ.

ಜಾಗ ಹುಡುಕುವುದು

ಒಟ್ಟು ಕೆಲಸದ ಅರ್ಧ ಇದೇ. ಮುಂಬೈಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪನವನ್ನು 1904ರಲ್ಲಿ ಅಲಿಬಾಗಿಗೆ ಒಯ್ದದ್ದು ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆಂಬ ಕಾರಣಕ್ಕೇ. ಕೊಡಗಿಗೆ ಇಂದಿಗೂ ರೈಲಿಲ್ಲ, ಕಾಂತಮಾಪನದ ಮಟ್ಟಿಗೆ ಅದೊಂದು ವರ. ಆದರೆ ರೈಲು ಬರದಿದ್ದರೂ ರೈಲು ಕಂಬಿ ಬಂದಿದೆ: ಕಾಡಂಚಿನಲ್ಲಿ ಆನೆ ತಡೆಯಲು ಹಳೆ ಕಂಬಿಗಳ ಬೇಲಿ ಹಾಕಿರುವ ಕಡೆ ಕನಿಷ್ಠ ನೂರು ಮೀಟರ್ ದೂರ ಇರಿ.

ಚಲಿಸುವ ಕಬ್ಬಿಣವೇ ದೊಡ್ಡ ಶತ್ರು. ಅದರ ಪ್ರಭಾವ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ದೂರ ಇಮ್ಮಡಿಯಾದರೆ ತೊಂದರೆ ಎಂಟನೇ ಒಂದು ಭಾಗ. ಜೀಪು ಹತ್ತು ಮೀಟರ್ ದೂರದಲ್ಲಿ ಹತ್ತಿಪ್ಪತ್ತು ನ್ಯಾನೊಟೆಸ್ಲಾ ಕದಡಿದರೆ, ಇಪ್ಪತ್ತು ಮೀಟರಿನಲ್ಲಿ ಎರಡು-ಮೂರು, ನಲವತ್ತರಲ್ಲಿ ಲೆಕ್ಕಕ್ಕೇ ಇಲ್ಲ. ಆದ್ದರಿಂದ ತೋಟದ ರಸ್ತೆ, ಕಣ, ಗೋಡೌನು, ಲೈನ್‌ಮನೆಗಳಿಂದ ನಲವತ್ತು ಮೀಟರ್ ಬಿಟ್ಟು ಒಳಗೆ ಹೋಗಿ. ಮನುಷ್ಯರು ಓಡಾಡುವ ಕಾಲುದಾರಿಯಿಂದ ಹತ್ತು ಮೀಟರ್. ಸೊಂಟದ ಕತ್ತಿ, ಹೆಗಲ ಕೋವಿ ಮೂರು ಮೀಟರ್ ಒಳಗೆ ಬಂದರೆ ಕೆಲವು ನ್ಯಾನೊಟೆಸ್ಲಾ ಹಾರುತ್ತದೆ. ಕೊಡವರು ಆಯುಧ ಪೂಜಿಸುವ ಕೈಲ್‌ಪೋದಿನ ದಿನ ನಕ್ಷೆಯಲ್ಲಿ ವಿಚಿತ್ರ ಗೆರೆ ಬಂದರೆ ಸೂರ್ಯನನ್ನು ದೂರುವ ಮೊದಲು ಮನೆಯವರನ್ನು ಕೇಳಿ.

ಸೋಲಾರ್ ಬೇಲಿ ಬೇರೆ ಬಗೆಯ ಪೀಡೆ. ಸೆಕೆಂಡಿಗೊಮ್ಮೆ ಬಡಿಯುವ ಅದರ ಅತಿ ಗಿಡ್ಡ ಮಿಡಿತ ಸರಾಸರಿಯಲ್ಲಿ ಕಳೆದುಹೋಗುತ್ತದೆ. ಆದರೆ ಸೆನ್ಸರಿನ ತಂತಿ ಬೇಲಿಗೆ ಸಮಾನಾಂತರವಾಗಿ ಓಡಿದರೆ ಮಿಡಿತ ತಂತಿಗೆ ಹತ್ತಿ ಸಂವಹನವೇ ನಿಂತುಬಿಡುತ್ತದೆ. ಬೇಲಿಯನ್ನು ದಾಟಲೇಬೇಕಾದರೆ ಅಡ್ಡಲಾಗಿ, ನೆಲದಡಿಯಲ್ಲಿ ದಾಟಿಸಿ.

ನೆಲವೂ ಮೋಸ ಮಾಡುತ್ತದೆ. ಕೊಡಗಿನ ಚಾರ್ನಕೈಟ್ ಮತ್ತು ನೈಸ್ ಬಂಡೆಗಳಲ್ಲಿ ಮ್ಯಾಗ್ನಟೈಟ್ ಕಣಗಳಿರುತ್ತವೆ. ಬೋಳು ಬೆಟ್ಟದ ನೆತ್ತಿಯಲ್ಲಿ ಸಿಡಿಲು ಬಡಿದ ಬಂಡೆ ತಾನೇ ಅಯಸ್ಕಾಂತವಾಗಿರುತ್ತದೆ. ಬಂಡೆ ಇಲ್ಲದ, ನೀರು ನಿಲ್ಲದ ಇಳಿಜಾರು, ದಟ್ಟ ನೆರಳು ಒಳ್ಳೆಯದು. ಗದ್ದೆ ಬದಿಗಿಂತ ಬಾಣೆ, ಅಂದರೆ ಗದ್ದೆಯ ಮೇಲಿನ ಎತ್ತರದ ಜಾಗ, ಮೇಲು. ಸಿಲ್ವರ್ ಓಕ್ ಬುಡಕ್ಕೆ ಮಾತ್ರ ಬೇಡ, ಮಳೆಗಾಲದ ಗಾಳಿಗೆ ಮರ ತೂಗಿದಾಗ ಬೇರು ನೆಲವನ್ನೇ ಅಲುಗಿಸುತ್ತದೆ.

ಪರೀಕ್ಷೆ ಹೀಗೆ. ಸೆನ್ಸರನ್ನು ಒಂದು ಅಡಿ ಉದ್ದದ ಮರದ ಹಲಗೆಗೆ ಅಂಟಿಸಿ, ಪ್ಲಾಸ್ಟಿಕ್ ರಸಮಟ್ಟ ಜೋಡಿಸಿ, ಐದು ಮೀಟರ್ ತಂತಿಯ ಆಚೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ಆಯ್ದ ಬಿಂದುವಿನಲ್ಲೂ ಅದರ ನಾಲ್ಕು ದಿಕ್ಕಿಗೆ ಒಂದೊಂದು ಮೀಟರ್ ದೂರದಲ್ಲೂ, ಒಂದೇ ಎತ್ತರದಲ್ಲಿ, ಹಲಗೆಯನ್ನು ಒಂದೇ ದಿಕ್ಕಿಗೆ ಮುಖಮಾಡಿ ಓದಿ. ಮೂರು ಅಕ್ಷಗಳ ವರ್ಗಗಳ ಮೊತ್ತದ ವರ್ಗಮೂಲವೇ ಒಟ್ಟು ಕ್ಷೇತ್ರ. ಐದೂ ಬಿಂದುಗಳ ಅಂತರ 50 ನ್ಯಾನೊಟೆಸ್ಲಾ ಒಳಗಿದ್ದರೆ ಜಾಗ ಚೆನ್ನ, ಹಲವು ನೂರು ಬಂದರೆ ಅಡಿಯಲ್ಲಿ ಬಂಡೆಯೋ ಹಳೇ ಕಬ್ಬಿಣವೋ ಇದೆ, ಮುಂದೆ ಹೋಗಿ. ಹಲಗೆಯ ದಿಕ್ಕು ಬದಲಾದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಮೂರು ಅಕ್ಷಗಳ ಸಂವೇದನೆಯಲ್ಲಿ ನೂರಕ್ಕೊಂದು ಪಾಲು ಹೊಂದಾಣಿಕೆ ತಪ್ಪಿದರೂ 400 ನ್ಯಾನೊಟೆಸ್ಲಾ ಸುಳ್ಳು ವ್ಯತ್ಯಾಸ ಹುಟ್ಟುತ್ತದೆ.

ಸಾಮಾನು

ಸೆನ್ಸರ್ ಆಗಿ ಪಿಎನ್‌ಐ ಕಂಪನಿಯ ಆರ್‌ಎಂ3100. ಮೊಬೈಲಿನೊಳಗಿರುವ ಜಾತಿಯ ದಿಕ್ಸೂಚಿ ಚಿಪ್‌ಗಳು ಸಾಲವು, ಅವುಗಳ ಗದ್ದಲವೇ ನಾವು ಹುಡುಕುವ ಸಂಕೇತಕ್ಕಿಂತ ದೊಡ್ಡದು. ಉಳಿದಂತೆ ಸೆನ್ಸರನ್ನು ಓದಲು 3.3 ವೋಲ್ಟ್ ಆರ್ಡುಯಿನೊ ಪ್ರೊ ಮಿನಿ ಬೋರ್ಡು ಒಂದು, ಉದ್ದ ತಂತಿಯಲ್ಲಿ ಓದನ್ನು ಸಾಗಿಸಲು 3.3 ವೋಲ್ಟಿಗೆ ಒಗ್ಗುವ ಆರ್‌ಎಸ್-485 ಬೋರ್ಡು ಎರಡು, ತಾಪಮಾನಕ್ಕೆ ಎಂಸಿಪಿ9808, ಮನೆಯೊಳಗೆ ದಾಖಲಿಸಲು ರಾಸ್ಪ್‌ಬೆರಿ ಪೈ ಝೀರೊ, ಡಿಎಸ್3231 ಗಡಿಯಾರ, ಹೊರಗೆ ಹಾಕುವ ಕ್ಯಾಟ್-6 ಕೇಬಲ್ ಬೇಕಾದಷ್ಟು, 110 ಮಿಲಿಮೀಟರ್ ಪಿವಿಸಿ ಕೊಳವೆ 1.2 ಮೀಟರ್, ಎರಡು ಮುಚ್ಚಳ, ಸಿಲಿಕಾ ಜೆಲ್.

ಸೆನ್ಸರಿನ ಒಂದು ಮೀಟರ್ ಒಳಗೆ ಬರುವ ಪ್ರತಿಯೊಂದು ವಸ್ತುವನ್ನೂ ಸೆನ್ಸರಿಗೇ ತೋರಿಸಿ ಪರೀಕ್ಷಿಸಿ. ಹತ್ತು ಸೆಂಟಿಮೀಟರ್ ಹತ್ತಿರ ತಂದಾಗ ಸರಾಸರಿ 2 ನ್ಯಾನೊಟೆಸ್ಲಾಕ್ಕಿಂತ ಹೆಚ್ಚು ಬದಲಾದರೆ ಆಚೆ ಇಡಿ. ಹಿತ್ತಾಳೆ ತಿರುಪು ಎಂದು ಅಂಗಡಿಯಲ್ಲಿ ಕೊಡುವುದು ಎಷ್ಟೋ ಸಲ ಹಿತ್ತಾಳೆ ಬಣ್ಣದ ಕಬ್ಬಿಣ. ಸ್ಟೇನ್‌ಲೆಸ್ ತಿರುಪು ಬಾಗಿಸಿ ಕತ್ತರಿಸಿದ ಜಾಗದಲ್ಲಿ ಅಯಸ್ಕಾಂತಕ್ಕೆ ಅಂಟುತ್ತದೆ. ಕೆಲವು ಪಿನ್ ಹೆಡರ್‌ಗಳೂ ಉಕ್ಕಿನವೇ, ಅವನ್ನು ತೆಗೆದು ತಾಮ್ರದ ತಂತಿಯನ್ನು ನೇರ ಬೆಸುಗೆ ಹಾಕುವುದು ವಾಸಿ.

ಸುಟ್ಟ ಇಟ್ಟಿಗೆ, ಮಂಗಳೂರು ಹೆಂಚು ಬೇಡವೇ ಬೇಡ. ಗೂಡಿನಲ್ಲಿ ಬೆಂದು ತಣಿಯುವಾಗ ಅವು ಆಗಿನ ಭೂಕಾಂತಕ್ಷೇತ್ರವನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತವೆ. ಮರಳನ್ನೂ ನೋಡಿ: ಅಯಸ್ಕಾಂತಕ್ಕೆ ಕಾಗದ ಸುತ್ತಿ ಒಣ ಮರಳಿನ ಮೇಲೆ ನಿಧಾನ ಎಳೆಯಿರಿ. ಕಾಗದದ ಅಡಿ ಕಪ್ಪು ಕಣಗಳು ಮುಳ್ಳುಮುಳ್ಳಾಗಿ, ಕಂಬಳಿಹುಳದ ರೋಮದಂತೆ ನಿಂತರೆ ಆ ಮರಳು ಬೇಡ. ನಾಲ್ಕೈದು ಕಣ ಅಂಟಿದರೆ ಅಡ್ಡಿಯಿಲ್ಲ.

ಕೊಳವೆ ಹೂಳುವುದು

ಆಳ ಒಂದು ಮೀಟರ್. ಹಗಲು-ರಾತ್ರಿಯ ಬಿಸಿ-ತಂಪು ನೆಲದೊಳಗೆ ಹತ್ತು-ಹನ್ನೆರಡು ಸೆಂಟಿಮೀಟರಿಗೊಮ್ಮೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತ ಹೋಗಿ, ಒಂದು ಮೀಟರಿನಲ್ಲಿ ಇಲ್ಲವೆನ್ನುವಷ್ಟಾಗುತ್ತದೆ. ತಾಪಮಾನಕ್ಕೆ ಸೆನ್ಸರಿನ ಓದು ಜಾರುತ್ತದೆ. ಎಷ್ಟು ಎಂಬುದು ಒಂದೊಂದು ಬೋರ್ಡಿಗೆ ಒಂದೊಂದು. ಕೋಣೆಯಲ್ಲಿಟ್ಟ ಕಾಂತಮಾಪಕ ದಿನವೂ ಚೆಂದದ ಗುಡ್ಡ ಬರೆಯುತ್ತದೆ, ಹೆಚ್ಚಿನ ಪಾಲು ಅದು ಹೆಂಚು ಕಾದ ಗುಡ್ಡ.

ಗುರುತು ಹಿಡಿಯಲು ತುದಿಯ ಸಮಯ ನೋಡಿ. ಕೊಡಗಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡೂವರೆ ಹೊತ್ತಿಗೆ. ನಿಜವಾದ ಎಚ್ ತುದಿ ಅದಕ್ಕಿಂತ ಮುಂಚೆ, ಹನ್ನೊಂದೂವರೆ-ಹನ್ನೆರಡಕ್ಕೆ. ಮಧ್ಯಾಹ್ನ ಎರಡೂವರೆಗೆ ತುದಿ ಬಂದರೆ ನೀವು ಅಳೆಯುತ್ತಿರುವುದು ಬಿಸಿಲನ್ನು.

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಕೊಡಗಿನ ಗುಂಡಿ ಬಾವಿಯಾಗುತ್ತದೆ. ಗಾಳಿ ತುಂಬಿದ 110 ಮಿಲಿಮೀಟರ್ ಕೊಳವೆ ಒಂದು ಮೀಟರ್ ಮುಳುಗಿದರೆ ಒಂಬತ್ತೂವರೆ ಕಿಲೊ ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಬರೀ ಮಣ್ಣು ಮುಚ್ಚಿದ ಕೊಳವೆ ಜುಲೈನಲ್ಲಿ ಅಂಗುಲ ಅಂಗುಲವಾಗಿ ಏಳುತ್ತದೆ. ಕೆಳತುದಿಗೆ ಎರಡು ಅಡಿ ಉದ್ದದ ಪಿವಿಸಿ ತುಂಡನ್ನು ಅಡ್ಡಪಟ್ಟಿಯಾಗಿ ಅಂಟಿಸಿ, ಅದರ ಮೇಲೆ ಮಣ್ಣು ಹಾಕಿ ಪದರ ಪದರವಾಗಿ ದಮ್ಮಸು ಮಾಡಿ. ಕೆಳಮುಚ್ಚಳಕ್ಕೆ ಸಾಲ್ವೆಂಟ್ ಎರಡು ಸಲ ಬಳಿಯಿರಿ, ಹೂಳುವ ಮೊದಲು ಒಂದು ರಾತ್ರಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟು ನೋಡಿ. ಮೇಲಿನ 20 ಸೆಂಟಿಮೀಟರ್ ನೆಲದಿಂದ ಹೊರಗಿರಲಿ, ಮೇಲುಮುಚ್ಚಳ ತೆರೆಯುವಂತಿರಲಿ.

ಸೆನ್ಸರನ್ನು ಒಂದು ಪಿವಿಸಿ ಪಟ್ಟಿಯ ಕೆಳತುದಿಗೆ ಅಂಟಿಸಿ ಒಳಗೆ ಇಳಿಸಿ. ಪಟ್ಟಿ ಕೊಳವೆಯೊಳಗೆ ತಿರುಗದಂತೆ ಎರಡು ಬದಿಗೂ ಅದು ಕೂರುವ ಕಚ್ಚು ಇರಲಿ. ಪ್ರೊ ಮಿನಿ ಮೇಲ್ತುದಿಯಲ್ಲಿ, ತಾಪಮಾನದ ಚಿಪ್ ಸೆನ್ಸರಿನಿಂದ 15 ಸೆಂಟಿಮೀಟರ್ ಮೇಲೆ.

ದಿಕ್ಕು ಹೊಂದಿಸುವುದು ಸುಲಭ, ಏಕೆಂದರೆ ಸೆನ್ಸರೇ ದಿಕ್ಸೂಚಿ. ಮಣ್ಣು ಪೂರ್ತಿ ಮುಚ್ಚುವ ಮೊದಲು ಕೊಳವೆಯನ್ನು ನಿಧಾನ ತಿರುಗಿಸುತ್ತ ವೈ ಅಕ್ಷದ ಓದು ಸೊನ್ನೆಯ ಆಸುಪಾಸು, ±100 ಒಳಗೆ, ಬರುವಂತೆ ನಿಲ್ಲಿಸಿ. ಆಗ ಎಕ್ಸ್ ಅಕ್ಷ ಕಾಂತೀಯ ಉತ್ತರಕ್ಕೆ ನೋಡುತ್ತದೆ, ಅದರ ಓದೇ ಎಚ್. ಎಕ್ಸ್ ಋಣ ಬಂದರೆ ದಕ್ಷಿಣಕ್ಕೆ ನೋಡುತ್ತಿದೆ, ಅರ್ಧ ಸುತ್ತು ತಿರುಗಿಸಿ.

ಹೊಸ ಮಣ್ಣು ಒಂದು ಮಳೆಗಾಲ ಕಳೆಯುವವರೆಗೆ ಕೂರುತ್ತಲೇ ಇರುತ್ತದೆ. ಕೊಳವೆ ಉತ್ತರ-ದಕ್ಷಿಣವಾಗಿ ಒಂದು ಮೀಟರಿಗೆ ಒಂದು ಮಿಲಿಮೀಟರ್ ವಾಲಿದರೆ ಎಚ್ ಸುಮಾರು 8 ನ್ಯಾನೊಟೆಸ್ಲಾ ಬದಲಾಗುತ್ತದೆ, ಜೆಡ್ ಮಾತ್ರ 40. ದಿನಗಟ್ಟಲೆ ಜೆಡ್ ಒಂದೇ ಕಡೆ ಜಾರುತ್ತಿದ್ದು ಎಚ್ ಅದರ ಐದನೇ ಒಂದು ಭಾಗದಷ್ಟು ಜೊತೆಗೂಡಿದರೆ ಕೊಳವೆ ವಾಲುತ್ತಿದೆ. ಇಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಸಮತಲವಾಗಿರುವುದರಿಂದ ವಾಲಿಕೆ ಎಚ್ ಅನ್ನು ಅಷ್ಟಾಗಿ ಕೆಡಿಸುವುದಿಲ್ಲ. ಧ್ರುವದ ಹತ್ತಿರದವರಿಗಿಲ್ಲದ ಅನುಕೂಲ ಇದು.

ತಂತಿ, ಸಿಡಿಲು, ಕರೆಂಟು

ಸೆನ್ಸರಿನಿಂದ ಪ್ರೊ ಮಿನಿಗೆ ಒಂದು ಮೀಟರ್ ಐ2ಸಿ (ಚಿಪ್‌ಗಳ ನಡುವಿನ ಹತ್ತಿರದ ಸಂವಹನದ) ತಂತಿ ತಡೆಯುತ್ತದೆ. ಅದನ್ನೇ ಐವತ್ತು ಮೀಟರ್ ಎಳೆದರೆ ಕೆಲಸ ಮಾಡದು. ಮನೆಯವರೆಗೆ ಆರ್‌ಎಸ್-485. ಹೋಗುವ-ಬರುವ ವಿದ್ಯುತ್ ಒಂದೇ ಹೆಣೆದ ಜೋಡಿಯಲ್ಲಿರಲಿ. ಒಂಟಿ ತಂತಿಯಲ್ಲಿ ಒಂದು ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ 200 ನ್ಯಾನೊಟೆಸ್ಲಾ. ಹೆಣೆದ ಜೋಡಿಯಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ. ಸೋಲಾರ್ ಫಲಕದ ಹರಡಿದ ಎರಡು ತಂತಿ ಇದೇ ಕಾರಣಕ್ಕೆ ಸೆನ್ಸರಿನ ಹತ್ತು ಮೀಟರ್ ಒಳಗೆ ಬರಬಾರದು. ಫಲಕದ ಕರೆಂಟು ಹಗಲಲ್ಲೇ ಏರಿ ಇಳಿಯುವುದರಿಂದ ಅದು ಭೂಮಿಯ ದೈನಿಕ ಏರಿಳಿತದ ವೇಷ ಹಾಕಿ ಬರುತ್ತದೆ.

ಕೇಬಲ್ಲನ್ನು ಎಚ್‌ಡಿಪಿಇ ಕೊಳವೆಯೊಳಗೆ ಹಾಕಿ ಒಂದೂವರೆ ಅಡಿ ಆಳದಲ್ಲಿ ಹೂಳಿ. ಕಾಡುಹಂದಿ ಕೆದಕುತ್ತದೆ, ಗೊಬ್ಬರಗುಂಡಿ ತೆಗೆಯುವವರ ಗುದ್ದಲಿ ಇನ್ನೂ ಆಳ ಹೋಗುತ್ತದೆ. ಸಾಲಿನುದ್ದಕ್ಕೂ ಬಣ್ಣ ಹಚ್ಚಿದ ಗೂಟ ನೆಟ್ಟು ಮೇಸ್ತ್ರಿಗೆ ತೋರಿಸಿಬಿಡಿ. ಆನೆ ಪಕ್ಕದಲ್ಲೇ ಹಾದರೂ ನಕ್ಷೆಯಲ್ಲಿ ಕಾಣಿಸದು. ಮೇಲೆ ಬಿಟ್ಟ ತಂತಿ ತುಳಿದರೆ ನಕ್ಷೆಯೇ ಇರದು.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಮುಗಿಯುವಷ್ಟರಲ್ಲಿ ರಕ್ಷಣೆಯಿಲ್ಲದ ಆರ್‌ಎಸ್-485 ಚಿಪ್ ಒಂದಾದರೂ ಹೋಗುತ್ತದೆ. ಸಿಡಿಲು ಕೇಬಲ್ಲಿಗೆ ಬಡಿಯಬೇಕಿಲ್ಲ, ಹತ್ತಿರ ಬಿದ್ದರೂ ಸಾಕು. ಎರಡೂ ತುದಿಯಲ್ಲಿ ದಿಢೀರ್ ವೋಲ್ಟೇಜನ್ನು ತಡೆಯುವ ಎಸ್‌ಎಂ712 ಜಾತಿಯ ಟಿವಿಎಸ್ ಡಯೋಡ್, ಮನೆ ತುದಿಯಲ್ಲಿ ಐಸೊಲೇಟೆಡ್ ಬೋರ್ಡು ಹಾಕಿ. ಚಿಪ್ಪನ್ನು ಸಾಕೆಟ್ಟಿನಲ್ಲಿ ಕೂರಿಸಿ, ಎರಡು ಬದಲಿ ಚಿಪ್ ಡಬ್ಬಿಯಲ್ಲಿರಲಿ. ಕೇಬಲ್ಲೇ ಬೇಡವೆಂದರೆ ಭಾರತದಲ್ಲಿ ಪರವಾನಗಿ ಬೇಡದ 865-867 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಇದೆ. ಆಗ ಬ್ಯಾಟರಿ ತೋಟದಲ್ಲೇ ಇರಬೇಕು, ಸೆನ್ಸರಿನಿಂದ ಐದು ಮೀಟರಾದರೂ ಆಚೆ.

ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಒಟ್ಟು ಹೊರೆ ಒಂದು ವ್ಯಾಟ್ ಚಿಲ್ಲರೆ. 12 ವೋಲ್ಟ್, 7 ಆಂಪಿಯರ್-ಗಂಟೆ ಬ್ಯಾಟರಿ ಸುಮಾರು ಎರಡು ದಿನ ದೂಡುತ್ತದೆ, 26ರದ್ದು ವಾರ.

ಓದುವ ಪ್ರೋಗ್ರಾಮು

ಎರಡು ವಿಳಾಸ ಪಿನ್‌ಗಳನ್ನೂ ನೆಲಕ್ಕೆ ಜೋಡಿಸಿದರೆ ಆರ್‌ಎಂ3100ರ ಐ2ಸಿ ವಿಳಾಸ ಹೆಕ್ಸಾ (ಹದಿನಾರರ ಎಣಿಕೆ) 20. ಮುಂದಿನ ರಿಜಿಸ್ಟರ್ ಸಂಖ್ಯೆಗಳೂ ಅವುಗಳಲ್ಲಿ ಓದುವ-ಬರೆಯುವ ಬೆಲೆಗಳೂ ಹೆಕ್ಸಾದಲ್ಲೇ, ಸೈಕಲ್ ಎಣಿಕೆಯ 200, 400 ಮಾತ್ರ ಸಾಮಾನ್ಯ ಎಣಿಕೆ. ರಿಜಿಸ್ಟರ್ 36 ಓದಿದರೆ 22 ಬರಬೇಕು, ಬಾರದಿದ್ದರೆ ತಂತಿ ತಪ್ಪಿದೆ. ಸೈಕಲ್ ಎಣಿಕೆ, ಅಂದರೆ ಒಂದು ಅಳತೆಗೆ ಸೆನ್ಸರ್ ಎಣಿಸುವ ಆವರ್ತಗಳು, ಕಾರ್ಖಾನೆಯಿಂದ 200 ಇರುತ್ತದೆ. ಆಗ ಒಂದು ಎಣಿಕೆ 13 ನ್ಯಾನೊಟೆಸ್ಲಾ. 04ರಿಂದ 09ರವರೆಗಿನ ರಿಜಿಸ್ಟರುಗಳಿಗೆ ಅಕ್ಷಕ್ಕೊಂದು ಜೋಡಿಯಂತೆ 01, 90 ಬರೆದು ಅದನ್ನು 400 ಮಾಡಿ, ಒಂದು ಎಣಿಕೆ ಸುಮಾರು 6.7ಕ್ಕೆ ಇಳಿಯುತ್ತದೆ. ರಿಜಿಸ್ಟರ್ 00ಕ್ಕೆ 70 ಬರೆದರೆ ಒಂದು ಅಳತೆ ಶುರು. 34ರ ಮೇಲಿನ ಬಿಟ್ ಒಂದಾದಾಗ 24ರಿಂದ ಒಂಬತ್ತು ಬೈಟ್ ಓದಿ, ಅಕ್ಷಕ್ಕೆ ಮೂರು.

ಆ ಮೂರು ಬೈಟಿನ ಸಂಖ್ಯೆಗೆ ಚಿಹ್ನೆ ಇದೆ. ಅದನ್ನು ಮರೆತರೆ −1 ಎಂಬುದು 1,67,77,215 ಆಗಿ ಕಾಣುತ್ತದೆ. ವೈ ಅಕ್ಷವನ್ನು ಸೊನ್ನೆಗೆ ಹೊಂದಿಸಿರುವುದರಿಂದ ಈ ತಪ್ಪು ಮೊದಲ ದಿನವೇ ಆಕಾಶಕ್ಕೆ ಹಾರುವ ಗೆರೆಗಳಾಗಿ ಹಲ್ಲು ಕಿರಿಯುತ್ತದೆ.

ಸೆಕೆಂಡಿಗೆ ಹತ್ತು ಓದು, ನಿಮಿಷಕ್ಕೆ 600ರ ಸರಾಸರಿ. ಒಂದೊಂದು ಓದಿನ ಗದ್ದಲ ಹತ್ತಾರು ನ್ಯಾನೊಟೆಸ್ಲಾ ಇದ್ದರೂ ಸರಾಸರಿಯಲ್ಲಿ ಒಂದರ ಹತ್ತಿರ ಬರುತ್ತದೆ. ನಿಮಿಷದ ಮಧ್ಯಮ ಬೆಲೆಯನ್ನೂ (ಮೀಡಿಯನ್) ಜೊತೆಗೆ ಬರೆದಿಡಿ, ಸಿಡಿಲಿನ ಮುಳ್ಳುಗಳನ್ನು ಅದು ನುಂಗುತ್ತದೆ. ಸಮಯ ಸದಾ ಯುಟಿಸಿಯಲ್ಲಿ. ಐದೂವರೆ ಗಂಟೆ ಕೂಡಿಸುವುದು ನಕ್ಷೆ ಬಿಡಿಸುವಾಗ ಮಾತ್ರ. ದಿನಕ್ಕೊಂದು ಫೈಲು, 1,440 ಸಾಲು.

ಸುರುಳಿಯಿಂದ ಪರೀಕ್ಷೆ

ಹೂಳುವ ಮೊದಲೇ ಮಾಡಬೇಕಾದ್ದು. 20 ಸೆಂಟಿಮೀಟರ್ ವ್ಯಾಸದ ಎರಡು ಪಿವಿಸಿ ಬಳೆಗಳಿಗೆ ಹತ್ತು ಹತ್ತು ಸುತ್ತು ಎನಾಮೆಲ್ ತಂತಿ ಸುತ್ತಿ, 10 ಸೆಂಟಿಮೀಟರ್ ಅಂತರದಲ್ಲಿ ಎದುರುಬದುರು ನಿಲ್ಲಿಸಿ, ಒಂದೇ ದಿಕ್ಕಿಗೆ ಕರೆಂಟು ಹರಿಯುವಂತೆ ಸರಣಿಯಲ್ಲಿ ಜೋಡಿಸಿ. ನಡುವೆ ಒಂದು ಮಿಲಿಆಂಪಿಯರಿಗೆ 90 ನ್ಯಾನೊಟೆಸ್ಲಾ ಸಿಗುತ್ತದೆ. 9 ವೋಲ್ಟ್ ಬ್ಯಾಟರಿಗೆ 10 ಕಿಲೊಓಮ್ ಸೇರಿಸಿದರೆ 0.9 ಮಿಲಿಆಂಪಿಯರ್, ಅಂದರೆ 81. ಬ್ಯಾಟರಿಯ ಹೊರಕವಚ ಉಕ್ಕಿನದು, ಎರಡು ಮೀಟರ್ ಆಚೆ ಇರಲಿ. ಐದು ನಿಮಿಷ ಹಾಕಿ, ಐದು ನಿಮಿಷ ಆರಿಸಿ, ನಾಲ್ಕು ಸಲ ಮಾಡಿ. ಎಕ್ಸ್ ಅಕ್ಷದಲ್ಲಿ ಮೆಟ್ಟಿಲು 81ರ ಬದಲು 76 ಬಂದರೆ 81/76 ಎಂಬ ಅನುಪಾತದಿಂದ ಮುಂದಿನ ಎಲ್ಲ ಓದನ್ನೂ ಗುಣಿಸಿ. ಸುರುಳಿ ಎರಡೂ ವಿರುದ್ಧ ದಿಕ್ಕಿಗೆ ಸುತ್ತಿದ್ದರೆ ಮೆಟ್ಟಿಲೇ ಕಾಣದು.

ಗೆರೆ ಏನು ಹೇಳುತ್ತಿದೆ

ಒಂದೇ ಓದಿನ ಮುಳ್ಳು: ಸಿಡಿಲು ಅಥವಾ ಕೆಟ್ಟ ಸಂಪರ್ಕ. ಒಂದೆರಡು ನಿಮಿಷದ ಉಬ್ಬು, ಜೆಡ್‌ನಲ್ಲೂ ಜೊತೆಗೆ: ವಾಹನ. ಮೆಟ್ಟಿಲಿನಂತೆ ಹಾರಿ ಅಲ್ಲೇ ಉಳಿಯಿತೆಂದರೆ ಯಾರೋ ಹತ್ತಿರ ಕಬ್ಬಿಣ ಬಿಟ್ಟುಹೋಗಿದ್ದಾರೆ. ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾಕ್ಕೆ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕಿದಾಗ ಇದು ಹೆಚ್ಚು. ಅಲ್ಯೂಮಿನಿಯಂ ಕೊಳವೆ ನಿರಪಾಯ, ಡೀಸೆಲ್ ಪಂಪು ಮತ್ತು ಜಿಐ ಕೊಳವೆ ಅಲ್ಲ.

ನಿಜವಾದ ಬಿರುಗಾಳಿಗೆ ಬೇರೆಯೇ ನಡಿಗೆ. ಹಲವು ಸಲ ಮೊದಲು ಎಚ್ ಕೆಲವೇ ನಿಮಿಷದಲ್ಲಿ 20-50 ನ್ಯಾನೊಟೆಸ್ಲಾ ಚಿಮ್ಮುತ್ತದೆ: ಸೂರ್ಯನಿಂದ ಹೊರಟ ಆಘಾತ ಅಲೆ ಭೂಮಿಯ ಕಾಂತಗೋಳವನ್ನು ಒತ್ತಿದ ಕ್ಷಣ. ಆಮೇಲೆ ಗಂಟೆಗಟ್ಟಲೆ ಕುಸಿತ, ನಂತರ ದಿನಗಟ್ಟಲೆ ನಿಧಾನದ ಚೇತರಿಕೆ. 2024ರ ಮೇ 10ರಂದು ಆ ಚಿಮ್ಮು ಬಂದದ್ದು ನಮ್ಮ ಸಮಯ ರಾತ್ರಿ ಸುಮಾರು ಹತ್ತೂವರೆಗೆ. ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು, ಮರುದಿನ ಬೆಳಿಗ್ಗೆ ಬಿರುಗಾಳಿಯ ಬಲವನ್ನು ನ್ಯಾನೊಟೆಸ್ಲಾದಲ್ಲಿ ಹೇಳುವ ಜಾಗತಿಕ ಡಿಎಸ್‌ಟಿ ಸೂಚ್ಯಂಕ −400ಕ್ಕಿಂತ ಕೆಳಗಿಳಿಯಿತು. 1859ರ ಸೆಪ್ಟೆಂಬರ್ 2ರಂದು ಕೊಲಾಬಾದಲ್ಲಿ ಎಚ್ ಸುಮಾರು 1,600 ನ್ಯಾನೊಟೆಸ್ಲಾ ಬಿದ್ದಿತ್ತು. ಅದು ಇಂದಿಗೂ ಈ ಅಕ್ಷಾಂಶಗಳ ದಾಖಲೆ.

ಹಗಲಿನ ಏರಿಳಿತವನ್ನು ಬಿರುಗಾಳಿ ಎಂದು ತಿಳಿಯಬೇಡಿ. ಸುಮಾರು 105 ಕಿಲೊಮೀಟರ್ ಎತ್ತರದಲ್ಲಿ, ಕಾಂತೀಯ ಭೂಮಧ್ಯರೇಖೆಯ ಇಬ್ಬದಿಗೂ ಮೂರು ಡಿಗ್ರಿಯಷ್ಟು ಅಗಲಕ್ಕೆ, ಹಗಲಲ್ಲಿ ಪೂರ್ವಕ್ಕೆ ಹರಿಯುವ ವಿದ್ಯುತ್ ಧಾರೆಯೊಂದಿದೆ. ತಿರುನೆಲ್ವೇಲಿ ಅದರ ಅಡಿಯಲ್ಲೇ ಇದೆ, ಕೊಡಗು ಉತ್ತರದ ಅಂಚಿನಾಚೆ. ಅದು ಒಂದು ದಿನ ಜೋರು, ಮರುದಿನ ಸಪ್ಪೆ. ಕೆಲವು ಮಧ್ಯಾಹ್ನ ತಿರುಗಿ ಪಶ್ಚಿಮಕ್ಕೂ ಹರಿಯುತ್ತದೆ. ಆದ್ದರಿಂದ ಬಿರುಗಾಳಿಯ ಅಳತೆಗೆ ರಾತ್ರಿಯ ಬೆಲೆಗಳೇ ನಂಬಿಕೆಗೆ ಅರ್ಹ. ತಿಂಗಳ ಐದು ಶಾಂತ ದಿನಗಳ ನಡುರಾತ್ರಿಯ ಸರಾಸರಿಯನ್ನು ಆಧಾರರೇಖೆಯಾಗಿಟ್ಟು ಕಳೆದರೆ, ಕ್ಯೋಟೊದ ದತ್ತಾಂಶ ಕೇಂದ್ರ ಪ್ರಕಟಿಸುವ ಡಿಎಸ್‌ಟಿ ಜೊತೆ ಹೋಲಿಸಬಹುದಾದ ಗೆರೆ ಸಿಗುತ್ತದೆ.

ಹಗಲಿಗೆ ಹೋಲಿಕೆ ಬೇಕಿದ್ದರೆ ಕಾಂತ ವೀಕ್ಷಣಾಲಯಗಳ ಜಾಗತಿಕ ಇಂಟರ್‌ಮ್ಯಾಗ್ನೆಟ್ ಜಾಲದಲ್ಲಿ ಅಲಿಬಾಗ್, ಹೈದರಾಬಾದ್ ನೆಲೆಗಳ ನಿಮಿಷದ ದತ್ತಾಂಶ ಇದೆ. ನಿಮ್ಮ ಎಚ್‌ನಿಂದ ಅಲಿಬಾಗಿನ ಎಚ್ ಕಳೆಯಿರಿ. ಎರಡಕ್ಕೂ ಸಮಾನವಾದ ಬಿರುಗಾಳಿ ಹೋಗಿ, ಉಳಿಯುವುದರಲ್ಲಿ ಆ ಧಾರೆಯ ಅಂಚಿನ ಗುರುತು ಹುಡುಕಬಹುದು. ಧಾರೆಯ ನಟ್ಟನಡುವಿನ ತಿರುನೆಲ್ವೇಲಿಯಿಂದ ಅಲಿಬಾಗ್ ಕಳೆಯುವ ಅಭ್ಯಾಸ ಹಳೆಯದು. ಅಂಚಿನ ಜಾಗಗಳಲ್ಲಿ ಕೂತು ನೋಡುವವರು ಕಡಿಮೆ, ಕೊಡಗಿನ ದಾಖಲೆಗೆ ಬೆಲೆ ಬರುವುದು ಇಲ್ಲೇ.

ವರ್ಷದ ಆರೈಕೆ

ಮಳೆ ಮುಗಿದು ಕಾಫಿ ಕುಯ್ಲು ಶುರುವಾಗುವ ಮೊದಲು, ಅಕ್ಟೋಬರಿನಲ್ಲಿ, ಒಮ್ಮೆ ತೆರೆದರೆ ಸಾಕು. ಸಿಲಿಕಾ ಜೆಲ್ ಬದಲಿಸಿ, ಬೋರ್ಡಿನ ಬೆಸುಗೆಗಳಲ್ಲಿ ಹಸಿರು ಕಿಲುಬು ಬಂದಿದೆಯೇ ನೋಡಿ, ವಾಲಿದ್ದರೆ ಹಾಗೇ ಬಿಟ್ಟು ಎಷ್ಟು ಎಂದು ಬರೆದುಕೊಳ್ಳಿ. ಸೆನ್ಸರನ್ನು ಬೇರೆ ಜಾಗಕ್ಕೆ ಒಯ್ಯಲೇಬೇಕಾದರೆ ಕೊಲಾಬಾದವರು ಮಾಡಿದಂತೆ ಮಾಡಿ: ಅವರು 1904ರಿಂದ 1906ರವರೆಗೆ ಎರಡೂ ಕಡೆ ಜೊತೆಯಲ್ಲೇ ದಾಖಲಿಸಿದ್ದರು, ನಿಮಗೆ ಎರಡು ತಿಂಗಳಾದರೂ ಬೇಕು. ಮುಚ್ಚಳಕ್ಕೆ ಕೈ ಹಾಕುವ ಮೊದಲು ಮೊಬೈಲು, ಬೀಗದಕೈ ಗೊಂಚಲು, ಕತ್ತಿ ಮೂವತ್ತು ಅಡಿ ಆಚೆ ಇಟ್ಟು, ತೆರೆದ ಮತ್ತು ಮುಚ್ಚಿದ ಗಂಟೆ-ನಿಮಿಷ ಪುಸ್ತಕದಲ್ಲಿ ಗುರುತು ಹಾಕಿ.